ಒಡವೆಯ ಸಾಕ್ಷಿಯೂ ಒಡೆಯನ ಶೀಲವೂ

ಮಾರಿದವನು ಸಂಶಯಾಸ್ಪದನಾದರೆ ಅವನ ಕೈಯಿಂದ ಬಂದ ಪ್ರಾಚೀನ ಒಡವೆಯೂ ಕೃತಕವೇ ಸರಿ ಎಂದು ತೀರ್ಪು ಕೊಡುವವರು ಬಹುಮಂದಿ. ಈ ನ್ಯಾಯವು ಮೇಲ್ನೋಟಕ್ಕೆ ಜಾಣತನದಂತೆ ತೋರುವುದು, ವಿಚಾರಕ್ಕೆ ನಿಲ್ಲದು.

ರೋಮಿನ ಪೂರ್ವಕ್ಕಿರುವ ಪ್ರೈನೆಸ್ತೆ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ, ಉಡುಪನ್ನು ಬಿಗಿಯುವ ಚಿನ್ನದ ಕೊಂಡಿಯನ್ನೇ ನೋಡೋಣ. ಅದು ಕ್ರಿ.ಪೂ. ೭ನೆಯ ಶತಮಾನದ್ದು. ಮಾನಿಯಸನು ತನ್ನನ್ನು ನುಮೇರಿಯಸನಿಗಾಗಿ ಮಾಡಿದನೆಂದು, ಬಲದಿಂದ ಎಡಕ್ಕೆ ಕೊರೆದ ನಾಲ್ಕೇ ಮಾತುಗಳಲ್ಲಿ, ಆ ಕೊಂಡಿಯೇ ನುಡಿಯುತ್ತದೆ. ಲ್ಯಾಟಿನ್ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಇದೊಂದು. ಜರ್ಮನ್ ವಿದ್ವಾಂಸರಾದ ವೊಲ್ಫ್‌ಗಾಂಗ್ ಹೆಲ್ಬಿಗ್‌ರವರು ೧೮೮೭ರಲ್ಲಿ ಇದನ್ನು ರೋಮಿನ ವಿದ್ವತ್ಸಭೆಯ ಮುಂದಿಟ್ಟರು.

೧೯೮೦ರಲ್ಲಿ ಶಾಸನಜ್ಞೆ ಮಾರ್ಗರೀತಾ ಗ್ವಾರ್ದುಚ್ಚಿಯವರು, ಇದು ಹೆಲ್ಬಿಗ್ ಮತ್ತು ವ್ಯಾಪಾರಿ ಮಾರ್ತಿನೆತ್ತಿ ಕೂಡಿ ಹೂಡಿದ ವಂಚನೆಯೆಂದು ಸಾರಿದರು. ಅವರ ವಾದದಲ್ಲಿ ಲಿಪಿಯ, ಲೋಹದ ವಿಚಾರಗಳೂ ಇದ್ದುವು. ಆದುದರಿಂದ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅನೇಕರಿಗೆ ರುಚಿಸಿದುದು ವಂಚನೆಯ ಕಥೆಯೇ. ೧೯೧೫ರಲ್ಲಿ ತೀರಿಕೊಂಡ ಹೆಲ್ಬಿಗ್ ಎದ್ದುಬಂದು ಉತ್ತರ ಹೇಳುವಂತಿತ್ತೇ? ಕೊನೆಗೆ ೨೦೧೧ರಲ್ಲಿ ಫೋರ್ಮಿಲಿ ಮತ್ತು ಫೆರ್ರೊ ಎಂಬ ಪರೀಕ್ಷಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಒಡವೆಯನ್ನೇ ಪ್ರಶ್ನಿಸಿದರು. ಚಿನ್ನದ ಮೈಮೇಲೆ ಶತಮಾನಗಳು ಮಾತ್ರ ಮೂಡಿಸಬಲ್ಲ ಸೂಕ್ಷ್ಮ ಹರಳುಗಟ್ಟುವಿಕೆ ಕಂಡಿತು. ಹತ್ತೊಂಬತ್ತನೆಯ ಶತಮಾನದ ಯಾವ ಅಕ್ಕಸಾಲಿಗನೂ ಅದನ್ನು ಅನುಕರಿಸಲಾರ. ಕೊಂಡಿಯೂ ಅದರ ಬರಹವೂ ನಿಜವಾದುವು.

ಹಾಗೆಂದು ದೊಡ್ಡವರ ಶೀಲವನ್ನೇ ಪ್ರಮಾಣವೆನ್ನುವುದೂ ಅಷ್ಟೇ ತಪ್ಪು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವು ೧೮೯೬ರಲ್ಲಿ ಕೊಂಡ, ಗ್ರೀಕ್ ಬರಹವುಳ್ಳ ಚಿನ್ನದ ಕಿರೀಟವು ಒಡೆಸ್ಸಾದ ಅಕ್ಕಸಾಲಿಗ ರುಖೊಮೊವ್ಸ್ಕಿಯ ಕೈಕೆಲಸವೆಂದು ೧೯೦೩ರಲ್ಲಿ ಬಯಲಾಯಿತು. ಸಂಗ್ರಹಾಲಯದ ಕೀರ್ತಿ ಕಿರೀಟವನ್ನು ಉಳಿಸಲಿಲ್ಲ.

ಹಾಗಾದರೆ ಮಾರ್ತಿನೆತ್ತಿಯಂಥ ವ್ಯಾಪಾರಿಗಳು ನಿರ್ದೋಷಿಗಳೇ? ಅಲ್ಲ. ದೋಷವಿರುವುದು ಬೇರೊಂದು ಕಡೆ. ಮಾನಿಯಸನು ಒಡವೆಯನ್ನು ಬಡಿದ ಅಕ್ಕಸಾಲಿಗನೋ, ಬಡಿಸಿಕೊಟ್ಟ ಸಿರಿವಂತನೋ? ಇದು ಬದುಕಿದ್ದವನಿಗೆ ಉಡುಗೊರೆಯೋ, ಸತ್ತವನಿಗೆ ಕಾಣಿಕೆಯೋ? ಕೊಂಡಿಯ ಜತೆಗಿದ್ದ ಎಲುಬು, ಪಾತ್ರೆ, ಮಣ್ಣು ಇದನ್ನು ಹೇಳಬಹುದಾಗಿತ್ತು. ಯಾವ ಗೋರಿಯಿಂದ ಬಂದಿತೆಂಬುದಕ್ಕೆ ದಾಖಲೆಯೇ ಇಲ್ಲವಾದ ಮೇಲೆ ಕೇಳುವುದು ಯಾರನ್ನು? ಸೂಕ್ಷ್ಮದರ್ಶಕವು ವಯಸ್ಸನ್ನು ಹೇಳೀತು, ಬಾಳನ್ನು ಹೇಳದು.

ಆದುದರಿಂದ ಒಡವೆಯ ಸತ್ಯವನ್ನು ಒಡವೆಯಲ್ಲಿಯೇ ಹುಡುಕತಕ್ಕದ್ದು, ಅದರ ಅರ್ಥವನ್ನು ಅದು ಮಲಗಿದ್ದ ನೆಲದಲ್ಲಿ. ನೆಲವನ್ನು ಅಳಿಸಿ ಚಿನ್ನವನ್ನು ಉಳಿಸಿದವನು ವಂಚಕನಲ್ಲದಿದ್ದರೂ ನಷ್ಟವನ್ನಂತೂ ಮಾಡಿದ್ದಾನೆ. ಆ ನಷ್ಟವನ್ನು ತುಂಬುವವರು ಯಾರೂ ಇಲ್ಲ.