ಅಮ್ಮನ ಮೊಬೈಲೂ ವಿಮಾನ ಹತ್ತಲಿ!

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟ ಅಮ್ಮಂದಿರ ಮನೆಗೆ ಒಮ್ಮೆ ಹೋಗಿ ನೋಡಿ. ನಡುಮನೆ ತುಂಬ ಸೂಟ್‌ಕೇಸು. ಲೇಹ್ಯದ ಡಬ್ಬಿ, ಅಂಟಿನುಂಡೆ, ಚಟ್ನಿಪುಡಿ, ಮಗುವಿಗೆ ಸುತ್ತೋಕೆ ಮೆತ್ತನೆಯ ಹಳೇ ಸೀರೆ... 23 ಕೆ.ಜಿ. ದಾಟಿತಾ ಅಂತ ತೂಗಿ, ಒಂದು ಪೊಟ್ಟಣ ತೆಗೆದು, ಮತ್ತೆ ತೂಗಿ... ತಿಂಗಳಿಡೀ ಇದೇ ಸಡಗರ. ಆದರೆ ಕೈಚೀಲದಲ್ಲಿರೋ ಮೊಬೈಲ್ ಕಡೆ ಯಾರಾದರೂ ಗಮನ ಕೊಡ್ತಾರಾ? 'ಅಲ್ಲಿಗೆ ಹೋದ್ಮೇಲೆ ಅಳಿಯಂದಿರು ನೋಡ್ಕೋತಾರೆ ಬಿಡು' ಅನ್ನೋ ಒಂದೇ ಮಾತಿಗೆ ಆ ವಿಷಯ ಮುಗಿದೇ ಹೋಗುತ್ತೆ!

ನಮ್ಮನೇಲೂ ಹೀಗೇ ಆಗಿದ್ದು. 2023ರಲ್ಲಿ ಅಮ್ಮ ಒಬ್ಬರೇ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೊರಟರು. ಮೊದಲ ವಿಮಾನ ತಡವಾಯ್ತು, ಮಧ್ಯದ ನಿಲ್ದಾಣದಲ್ಲಿ ಎರಡನೇ ವಿಮಾನ ತಪ್ಪಿತು. ಮುಂದಿನದಕ್ಕೆ ಎಂಟು ಗಂಟೆ ಕಾಯಬೇಕು. ರೋಮಿಂಗ್ ಹಾಕಿಸಿರಲಿಲ್ಲ, ಅಕ್ಕನಿಗೆ ಹೇಳೋದು ಹೇಗೆ? ಗೋಡೆ ಮೇಲೆ 'ಉಚಿತ ವೈ-ಫೈ' ಅಂತಿತ್ತು. ಆದರೆ ಅದಕ್ಕೆ ಮೊಬೈಲ್ ನಂಬರ್ ಕೊಟ್ಟು, ಅದಕ್ಕೇ ಬರೋ ಓಟಿಪಿ ಹಾಕಬೇಕು. ನೆಟ್‌ವರ್ಕೇ ಇಲ್ಲದ ಫೋನಿಗೆ ಓಟಿಪಿ ಎಲ್ಲಿಂದ ಬರಬೇಕು ಹೇಳಿ? ಕೊನೆಗೆ ಪಕ್ಕದಲ್ಲಿ ಕೂತಿದ್ದ ತೆಲುಗು ಹುಡುಗಿಯೊಬ್ಬಳು ತನ್ನ ಫೋನ್ ಕೊಟ್ಟಳು. ಆ ಹೊತ್ತಿಗೆ ತುಂಬು ಗರ್ಭಿಣಿ ಅಕ್ಕ ಅತ್ತೂ ಅತ್ತೂ ಸುಸ್ತಾಗಿದ್ದಳು.

ಅದೂ ಒಂದು ದಿನದ ಪಾಡು ಅನ್ನೋಣ. ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ಅಲ್ಲಿ ಅಮ್ಮನ ಫೋನಿಗೆ ಅಮೆರಿಕದ ಸಿಮ್ ಹಾಕಿದರು. ಇಲ್ಲಿನ ಸಿಮ್ಮು ಕುಂಕುಮದ ಭರಣಿ ಸೇರಿತು. ರೀಚಾರ್ಜ್ ಯಾರೂ ಮಾಡಲಿಲ್ಲ. ಐದು ತಿಂಗಳು ಕಳೆದು ಬಂದು ನೋಡಿದರೆ ನಂಬರೇ ರದ್ದು! ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ಪಿಂಚಣಿ ಖಾತೆ, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲದಕ್ಕೂ ಅದೇ ನಂಬರ್. ಒಂದೊಂದನ್ನೇ ಬದಲಿಸೋಕೆ ಮೂರು ವಾರ ಅಲೆದರು. ಅದೂ ಹೋಗಲಿ, ಶಿಕ್ಷಕರ ದಿನ ಬಂದರೆ ಹಳೇ ವಿದ್ಯಾರ್ಥಿಗಳು ಫೋನ್ ಮಾಡ್ತಿದ್ದಿದ್ದು ಆ ನಂಬರಿಗೇ. ಆ ವರ್ಷದ ಸೆಪ್ಟೆಂಬರ್ 5ರಂದು ಅಮ್ಮನ ಫೋನ್ ಬಹಳ ಹೊತ್ತು ಸುಮ್ಮನೇ ಇತ್ತು.

ಯಾರ ತಪ್ಪು? ಕಂಪನಿಯವರದಲ್ಲ. ಟ್ರಾಯ್ ನಿಯಮದಂತೆ 90 ದಿನ ಬಳಸದೇ ಬಿಟ್ಟ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಆ ನಂಬರ್ ಮುಂದೆ ಬೇರೆಯವರ ಪಾಲೂ ಆಗಬಹುದು. ಬಾಣಂತನಕ್ಕೆ ಹೋದವರು ನಾಲ್ಕು, ಐದು ತಿಂಗಳು ಇದ್ದೇ ಇರ್ತಾರೆ. ಲೆಕ್ಕ ನೀವೇ ಹಾಕಿ. ತಪ್ಪು ನಮ್ಮದೇ. ಅಮ್ಮನ ಫೋನ್ ಅಂದ್ರೆ ವಾಟ್ಸಾಪ್‌ನಲ್ಲಿ ಶುಭೋದಯ ಕಳಿಸೋ ವಸ್ತು ಅಂದುಕೊಂಡಿದ್ವಿ. ಅದು ಅವರ ಬ್ಯಾಂಕು, ಅವರ ಗುರುತು, ಅವರ ಸ್ನೇಹ ಬಳಗ ಅಂತ ಹೊಳೆಯಲೇ ಇಲ್ಲ.

ಹೊರಡೋ ಮುಂಚೆ ಇಷ್ಟು ಮಾಡಿ

* ಇಲ್ಲಿನ ಸಿಮ್ ಜೀವಂತ ಇರಲಿ. ವಾಪಸ್ ಬರೋವರೆಗೂ ಸಾಕಾಗುವಷ್ಟು ವ್ಯಾಲಿಡಿಟಿ ಇರೋ ಪ್ಲಾನ್ ಹಾಕಿಸಿ. ಎರಡು ಸಿಮ್ ಹಿಡಿಯೋ ಫೋನ್ ಆದರೆ ಇದು ಒಂದರಲ್ಲಿ, ಅಲ್ಲಿಯದು ಇನ್ನೊಂದರಲ್ಲಿ. ಇಲ್ಲವಾದರೆ ಆಗಾಗ ಇಲ್ಲಿನ ಸಿಮ್ ಹಾಕಿ ಒಂದು ಎಸ್ಸೆಮ್ಮೆಸ್ ಕಳಿಸಿ.

* ಅಂತಾರಾಷ್ಟ್ರೀಯ ರೋಮಿಂಗನ್ನು ಇಲ್ಲಿಂದಲೇ ಚಾಲೂ ಮಾಡಿಸಿ. ಬ್ಯಾಂಕಿನ ಓಟಿಪಿ ಅಲ್ಲಿಗೂ ಬರಬೇಕಲ್ಲ! ಪ್ರಯಾಣದ ದಿನಕ್ಕಾದರೂ ಸಣ್ಣದೊಂದು ರೋಮಿಂಗ್ ಪ್ಯಾಕ್ ಇರಲಿ. ಮಧ್ಯೆ ಇಳಿಯೋ ದೇಶಕ್ಕೂ ಅದು ಅನ್ವಯಿಸುತ್ತಾ ಅಂತ ಕೇಳ್ಕೊಳ್ಳಿ.

* ಪ್ಯಾಕ್ ಇಲ್ಲದಿದ್ದರೆ 'ಡೇಟಾ ರೋಮಿಂಗ್' ಆಫ್ ಇರಲೇಬೇಕು. ನೀವು ಮುಟ್ಟದಿದ್ದರೂ ಫೋನು ತನ್ನಷ್ಟಕ್ಕೇ ಫೋಟೊ, ವಿಡಿಯೊ ಇಳಿಸಿಕೊಳ್ಳುತ್ತೆ. ಬಿಲ್ಲು ಮಾತ್ರ ನಿಮ್ಮದು! ರೋಮಿಂಗ್‌ನಲ್ಲಿ ಬರೋ ಕರೆ ಎತ್ತಿದರೂ ದುಡ್ಡು ಹೋಗಬಹುದು. 'ಸಾಲ ಬೇಕಾ ಮೇಡಂ' ಅನ್ನೋರಿಗೆಲ್ಲ ಉತ್ತರ ಕೊಡ್ತಾ ಕೂರಬೇಡಿ.

* ವಿಮಾನದೊಳಗೆ ಏರ್‌ಪ್ಲೇನ್ ಮೋಡ್ ಹಾಕೋದು ಮರೀಬೇಡಿ. ಕೆಲವು ವಿಮಾನಗಳಿಗೆ ಸ್ವಂತ ನೆಟ್‌ವರ್ಕ್ ಇರುತ್ತೆ, ಅದರ ದರ ಬಲು ದುಬಾರಿ.

* ಪುಟ್ಟ ಕೀಪ್ಯಾಡ್ ಫೋನ್ ನಂಬಿಕೊಂಡು ಹೋಗಬೇಡಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿವೆ. ಆಸ್ಟ್ರೇಲಿಯಾದಲ್ಲೂ 2024ರಲ್ಲಿ ಅದು ನಿಂತಿತು. ಹಳೇ ಫೋನು ಅಲ್ಲಿ ಮೂಗನಾಗಬಹುದು.

* ಮಗ ಪ್ರೀತಿಯಿಂದ ಅಲ್ಲಿಯ ಐಫೋನ್ ಕೊಟ್ಟನಾ? ತೊಗೊಳ್ಳಿ, ಆದರೆ ಒಂದು ಮಾತು ಕೇಳಿ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರೋ ಐಫೋನುಗಳಲ್ಲಿ ಸಿಮ್ ಹಾಕೋ ಜಾಗವೇ ಇಲ್ಲ, ಎಲ್ಲಾ ಇ-ಸಿಮ್. ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಸಿಕೊಳ್ಳೋವರೆಗೂ ಹಳೇ ಫೋನ್ ಕೈಬಿಡಬೇಡಿ.

* ನಂಬರ್‌ಗಳನ್ನೆಲ್ಲ +91 ಸೇರಿಸಿ ಸೇವ್ ಮಾಡಿ. ಆಗ ಅಲ್ಲಿಂದಲೂ, ಇಲ್ಲಿಂದಲೂ ಕರೆ ಹೋಗುತ್ತೆ. ಬೆಂಗಳೂರಿನ ಮನೆ ಫೋನಾದರೆ 080ರ ಮೊದಲ ಸೊನ್ನೆ ಬಿಟ್ಟು +91 80. ಅಮೆರಿಕದ ನಂಬರಿಗೆ +1.

* ಹೊಸ ಸಿಮ್ ಹಾಕಿದಾಗ ವಾಟ್ಸಾಪ್ 'ನಂಬರ್ ಬದಲಿಸ್ತೀರಾ' ಅಂತ ಕೇಳಬಹುದು. ಬೇಡ ಅನ್ನಿ. ಹಳೇ ನಂಬರಲ್ಲೇ ಅದು ಇರಲಿ.

* ಮಗಳ ನಂಬರ್, ವಿಳಾಸ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಕೊಳ್ಳಿ. ಚಾರ್ಜ್ ಮುಗಿದ ಫೋನಿಗಿಂತ ಚೀಟಿ ಮೇಲು. ತುರ್ತಿಗೆ ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999, ಯುರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಇದನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ.

ಅಯ್ಯೋ, ಇಷ್ಟೆಲ್ಲಾ ನಮ್ಮ ಕೈಲಾಗುತ್ತಾ ಅಂತೀರಾ? ಮಗಳ ಮನೆಯ ಡಿಶ್‌ವಾಶರ್, ವಾಷಿಂಗ್ ಮೆಷಿನ್, ಕರೆಂಟ್ ಒಲೆ ಎಲ್ಲವನ್ನೂ ಎರಡೇ ದಿನದಲ್ಲಿ ಕಲಿಯೋರು ನಾವು. ಮೊಬೈಲಿನ ನಾಲ್ಕು ಗುಂಡಿ ಯಾವ ಮಹಾ? ಕಷ್ಟ ಇರೋದು ಕಲಿಯೋದರಲ್ಲಲ್ಲ, 'ಅವರು ನೋಡ್ಕೋತಾರೆ' ಅಂತ ಕೈಚೆಲ್ಲಿ ಕೂರೋದರಲ್ಲಿ. ಅಳಿಯ ಒಳ್ಳೆಯವನೇ ಇರಬಹುದು. ಆದರೆ ಅವನು ಆಫೀಸಿಗೆ, ಮಗಳು ಆಸ್ಪತ್ರೆಗೆ ಹೋದ ದಿನ, ಆ ದೊಡ್ಡ ಮನೆಯಲ್ಲಿ ನೀವೊಬ್ಬರೇ ಇದ್ದಾಗ, ಕೈಯಲ್ಲಿರೋ ಫೋನ್ ನಿಮ್ಮ ಮಾತು ಕೇಳಬೇಕಲ್ವೇ?

ಹೆಣ್ಣುಮಕ್ಕಳಿಗೂ, ಗಂಡುಮಕ್ಕಳಿಗೂ ಒಂದು ಕಿವಿಮಾತು. ಟಿಕೆಟ್ ಕಳಿಸಿದರೆ ಕರ್ತವ್ಯ ಮುಗೀಲಿಲ್ಲ. ಒಂದು ಸಂಜೆ ಅಮ್ಮನ ಜೊತೆ ವಿಡಿಯೊ ಕರೆಯಲ್ಲಿ ಕೂತು ಇವನ್ನೆಲ್ಲ ಹೇಳಿಕೊಡಿ. ನೀವೇ ಮಾಡಿಬಿಡಬೇಡಿ, ಅವರ ಕೈಲೇ ಮಾಡಿಸಿ. ಮತ್ತೊಮ್ಮೆ ಮಾಡಿಸಿ.

ಈ ಬೇಸಿಗೆಗೆ ನನ್ನ ಅಮ್ಮ ಮತ್ತೆ ಹೊರಟಿದ್ದಾರೆ, ಎರಡನೇ ಮೊಮ್ಮಗುವನ್ನು ನೋಡೋಕೆ. ಅಂಟಿನುಂಡೆ ಇನ್ನೂ ಕಟ್ಟಿಲ್ಲ. ಆದರೆ ನಿನ್ನೆ ತಾವೇ ಅಂಗಡಿಗೆ ಹೋಗಿ, ಒಂದು ವರ್ಷದ ರೀಚಾರ್ಜ್ ಮಾಡಿಸಿ ರಸೀದಿ ತಂದು ತೋರಿಸಿದರು. ನಿಮ್ಮ ಮನೆಯ ಸೂಟ್‌ಕೇಸ್ ಪಟ್ಟಿಯಲ್ಲೂ ಲೇಹ್ಯಕ್ಕಿಂತ ಮುಂಚೆ ಒಂದು ಸಾಲು ಸೇರಿಸಿ: ಸಿಮ್.