ಕಾಗದದ ಶಿರಸ್ತ್ರಾಣ

ಮಕ್ಕಳ ಶಿಕ್ಷಣದಲ್ಲಿ ಪಠ್ಯಪುಸ್ತಕಕ್ಕಿರುವಷ್ಟೇ ಸ್ಥಾನ ಕೈಕೆಲಸಕ್ಕೂ ಉಂಟೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಒಪ್ಪಿದ್ದನ್ನು ಆಚರಿಸುವ ಪ್ರಸಂಗ ಬಂದಾಗ ಹಿಂಜರಿಯುತ್ತಾರೆ. ಶಾಲೆಗಳ ವಾರ್ಷಿಕ ಸ್ನೇಹಸಮ್ಮೇಳನದ ಛದ್ಮವೇಷ ಸ್ಪರ್ಧೆಯೇ ಇದಕ್ಕೆ ನಿದರ್ಶನ. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ರೈತ, ಸೈನಿಕ ಇವರ ಸಾಲಿನಲ್ಲಿ ಈಗ ಗಗನಯಾತ್ರಿಯೂ ಬಂದು ನಿಂತಿದ್ದಾನೆ. 1984ರಲ್ಲಿ ರಾಕೇಶ್ ಶರ್ಮಾ ಅವರು ಅಂತರಿಕ್ಷಕ್ಕೆ ಹೋಗಿ ಬಂದರು. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಮರಳಿದರು. ಅಂಥವರ ವೇಷ ಧರಿಸಲು ಮಕ್ಕಳು ಹಂಬಲಿಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ವೇಷ ಬಾಡಿಗೆಯ ಅಂಗಡಿಯಿಂದ ಬರುತ್ತಿರುವುದು ಮಾತ್ರ ವಿಚಾರಾರ್ಹ.

ಬಾಡಿಗೆಯ ವೇಷವನ್ನು ಮಗು ಐದು ನಿಮಿಷ ಧರಿಸಿ, ಚಪ್ಪಾಳೆ ಪಡೆದು, ಸಂಜೆಗೆ ಹಿಂದಿರುಗಿಸುತ್ತದೆ. ಅದರಿಂದ ಮಗುವಿಗೆ ಉಳಿಯುವುದು ಒಂದು ಭಾವಚಿತ್ರ ಮಾತ್ರ. ಬಾಡಿಗೆ ತೆರಲಾರದ ಮನೆಯ ಮಗುವಿಗೆ ಅದೂ ಇಲ್ಲ. ಅದು ಹೆಸರನ್ನೇ ಕೊಡದೆ ಹಿಂದಿನ ಸಾಲಿನಲ್ಲಿ ಕುಳಿತುಬಿಡುತ್ತದೆ. ಸ್ಪರ್ಧೆಯು ಮಕ್ಕಳ ನಡುವೆ ನಡೆಯದೆ ಪಾಲಕರ ಹಣದ ಚೀಲಗಳ ನಡುವೆ ನಡೆದಂತಾಗುತ್ತದೆ.

ಇದಕ್ಕೆ ಪ್ರತಿಯಾಗಿ ಶಿರಸ್ತ್ರಾಣವನ್ನು ಮನೆಯಲ್ಲಿಯೇ ಮಾಡುವುದು ಕಷ್ಟವಲ್ಲ. ಒಂದು ದೊಡ್ಡ ಬಲೂನು, ರದ್ದಿ ಕಾಗದ, ಮೈದಾ ಹಿಟ್ಟಿನ ಅಂಟು ಇಷ್ಟಿದ್ದರೆ ಸಾಕು. ಊದಿದ ಬಲೂನಿನ ಮೇಲೆ ಕಾಗದದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ, ಒಂದು ಪದರು ಒಣಗಿದ ಮೇಲೆ ಮತ್ತೊಂದರಂತೆ, ನಾಲ್ಕೈದು ಪದರು ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಬಲೂನನ್ನು ಒಡೆದು, ತಲೆ ತೂರುವಷ್ಟು ಕೆಳಗೂ ಮುಖ ಕಾಣುವಷ್ಟು ಮುಂದೂ ಕತ್ತರಿಸಬೇಕು. ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಕಾಗದ ನೆನೆಸಿ, ಮೆಂತ್ಯದೊಡನೆ ಅರೆದು, ಬುಟ್ಟಿಗೂ ಮೊರಕ್ಕೂ ಮೆತ್ತುತ್ತಿದ್ದ ಅಜ್ಜಿಯರು ಇನ್ನೂ ಕೆಲವು ಮನೆಗಳಲ್ಲಿದ್ದಾರೆ. ಮೊಮ್ಮಗನ ಶಿರಸ್ತ್ರಾಣಕ್ಕೆ ಅವರಿಗಿಂತ ಒಳ್ಳೆಯ ಗುರು ಬೇರೆ ಯಾರು?

ಮಾಡುವಾಗಲೇ ಪ್ರಶ್ನೆಗಳು ಹುಟ್ಟುತ್ತವೆ. ಇದು ಇಷ್ಟು ದೊಡ್ಡದೇಕೆ? ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣ ಕೊರಳಿನ ಬಳೆಗೆ ಭದ್ರವಾಗಿ ಕೂಡಿಕೊಂಡಿತ್ತು. ಅದು ತಿರುಗುತ್ತಿರಲಿಲ್ಲ, ಒಳಗೆ ತಲೆ ಮಾತ್ರ ತಿರುಗುತ್ತಿತ್ತು. ಬಿಳಿಯ ಬಣ್ಣವೇಕೆ? ಬಿಸಿಲನ್ನು ಹಿಂದೆ ತಳ್ಳುವುದಕ್ಕೆ. ಮುಂದಿನ ಪರದೆಗೆ ಬಂಗಾರದ ಹೊಳಪೇಕೆ? ಅತಿ ತೆಳುವಾದ ನಿಜವಾದ ಚಿನ್ನದ ಲೇಪವು ಸೂರ್ಯನ ತೀಕ್ಷ್ಣ ಕಿರಣಗಳಿಂದ ಕಣ್ಣನ್ನು ಕಾಯುತ್ತದೆ. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ತೊಟ್ಟ ಉಡುಪನ್ನು ಹೊಲಿಗೆಯಂತ್ರದ ಮುಂದೆ ಕುಳಿತು ಹೊಲಿದವರು ಅಮೆರಿಕದ ಡೆಲವೇರ್ ರಾಜ್ಯದ ಕುಶಲ ಮಹಿಳೆಯರು. ಚಂದ್ರಯಾನವೂ ಸೂಜಿದಾರಗಳನ್ನು ನಂಬಿಯೇ ನಡೆಯಿತೆಂದು ತಿಳಿದ ಮಗು ಕೈಕೆಲಸವನ್ನು ಎಂದಿಗೂ ಕೀಳೆಂದು ಎಣಿಸದು.

ಒಂದು ಎಚ್ಚರಿಕೆ ಮಾತ್ರ ಅವಶ್ಯಕ. ಶಿರಸ್ತ್ರಾಣದ ಮೊದಲ ಧರ್ಮ ಉಸಿರನ್ನು ಕಾಯುವುದು. ನಿಜವಾದ ಶಿರಸ್ತ್ರಾಣದಲ್ಲಿ ಆಮ್ಲಜನಕವು ಹಿಂಭಾಗದಿಂದ ಬಂದು, ಮುಖದ ಮೇಲೆ ಹಾಯ್ದು, ಬಿಟ್ಟ ಉಸಿರನ್ನು ಒಯ್ಯುತ್ತದೆ. 2013ರ ಜುಲೈ 16ರಂದು ನಿಲ್ದಾಣದ ಹೊರಗೆ ಕೆಲಸದಲ್ಲಿದ್ದ ಇಟಲಿಯ ಲೂಕಾ ಪರ್ಮಿಟಾನೋ ಅವರ ಶಿರಸ್ತ್ರಾಣದೊಳಗೆ ನೀರು ಸೋರಿ, ಕಣ್ಣು ಮೂಗುಗಳನ್ನು ಆವರಿಸಿತು. ಅವರು ಪ್ರಾಣಾಪಾಯದಿಂದ ಪಾರಾಗಿ ಒಳಬಂದರು. ಆ ಬಳಿಕ ಇತರರ ಶಿರಸ್ತ್ರಾಣದಲ್ಲಿ ನೀರು ಹೀರುವ ಮೆತ್ತೆಯನ್ನೂ ಉಸಿರಾಟಕ್ಕೊಂದು ಪ್ಲಾಸ್ಟಿಕ್ ಕೊಳವೆಯನ್ನೂ ಅಳವಡಿಸಿದರು. ಆದುದರಿಂದ ಮಗುವಿನ ಶಿರಸ್ತ್ರಾಣದ ಮುಂಭಾಗ ತೆರೆದೇ ಇರಬೇಕು. ಪ್ಲಾಸ್ಟಿಕ್ ಹಾಳೆಯಿಂದ ಮುಖವನ್ನು ಮುಚ್ಚಲೇಬಾರದು. ಬಂಗಾರದ ಬಣ್ಣದ ಕಾಗದವನ್ನು, ಮೇಲೆತ್ತಿದ ಪರದೆಯಂತೆ, ಹಣೆಯ ಭಾಗಕ್ಕೆ ಅಂಟಿಸಿದರಾಯಿತು. ಅಂದಕ್ಕಿಂತ ಉಸಿರು ದೊಡ್ಡದು.

ದುಡಿಯುವ ತಂದೆತಾಯಿಗಳಿಗೆ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಪಾಲಕರೇ ಎಲ್ಲವನ್ನೂ ಮಾಡಬೇಕೆಂದು ಹೇಳಿದವರಾರು? ಮಗು ಮಲಗಿದ ಮೇಲೆ ತಾಯಿ ಮಧ್ಯರಾತ್ರಿಯವರೆಗೆ ಕುಳಿತು ಮಾಡಿಕೊಟ್ಟ ಶಿರಸ್ತ್ರಾಣವೂ ಒಂದು ಬಗೆಯ ಬಾಡಿಗೆಯದೇ. ಕತ್ತರಿಯ ಕೆಲಸವೊಂದನ್ನು ಹಿರಿಯರು ಮಾಡಲಿ. ಉಳಿದುದನ್ನು ಮಗುವೇ ದಿನಕ್ಕೊಂದು ಪದರಿನಂತೆ ಮಾಡಲಿ. ಸೊಟ್ಟಗಾದರೆ ಆಗಲಿ.

ಈ ವಿಷಯದಲ್ಲಿ ಶಾಲೆಗಳ ಹೊಣೆ ಹೆಚ್ಚಿನದು. ನಿರ್ಣಾಯಕರು ಹೊಳೆಯುವ ವೇಷಕ್ಕೇ ಬಹುಮಾನವೀಯುವ ತನಕ ಪಾಲಕರು ಅಂಗಡಿಗೇ ಹೋಗುತ್ತಾರೆ. ವೇಷಕ್ಕೆ ಕೊಡುವ ಅಂಕಗಳಲ್ಲಿ ಅರ್ಧವನ್ನು ತಯಾರಿಕೆಗೆ ಮೀಸಲಿಡಬೇಕು; "ಇದನ್ನು ಹೇಗೆ ಮಾಡಿದೆ? ಈ ಭಾಗ ಏತಕ್ಕೆ?" ಎಂದು ವೇದಿಕೆಯ ಮೇಲೆಯೇ ಕೇಳಬೇಕು. ಕೈಗೆ ಅಂಟು ಮೆತ್ತಿಕೊಂಡ ಮಗು ಆ ಪ್ರಶ್ನೆಗೆ ತಡವರಿಸದೆ ಉತ್ತರಿಸುತ್ತದೆ. ಆಗ ಹಿಂದಿನ ಸಾಲಿನಲ್ಲಿ ಕುಳಿತ ಮಗುವೂ ಮುಂದಿನ ವರ್ಷಕ್ಕಾಗಿ ರದ್ದಿ ಕಾಗದ ಕೂಡಿಡಲು ತೊಡಗುವುದು.