ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು

ಹೋಟೆಲು, ಗಿರಣಿಗಳಲ್ಲಿ ದುಡಿಯುವ ಬಂಧುಗಳೇ,

ನಮ್ಮ ಸಂಘದ ಕಚೇರಿಯ ಕಂಪ್ಯೂಟರಿಗೆ ಮುಪ್ಪು ಬಂದಿದೆ. ಅದರಲ್ಲಿರುವ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಆ ಯಂತ್ರಕ್ಕೆ ಅದು ಒಗ್ಗುವುದಿಲ್ಲ. ಆದುದರಿಂದ ನಿಮ್ಮ ವಂತಿಗೆಯ ಹಣದಿಂದ ಹೊಸದೊಂದನ್ನು ಕೊಂಡೆವು. "ಹಳೆಯದನ್ನು ಇಲ್ಲೇ ಬಿಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತೇವೆ, ಎಲ್ಲವನ್ನೂ ತುಂಬಿಸಿ ಕೊಡುತ್ತೇವೆ" ಎಂದು ಅಂಗಡಿಯವನು ಹೇಳಿದ. ನಾವು ಬೇಡವೆಂದೆವು. ಅದು ಏತಕ್ಕೆಂದು ಕೆಲವು ಸದಸ್ಯರು ಕೇಳಿದ್ದಾರೆ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಆ ಪೆಟ್ಟಿಗೆಯೊಳಗೆ ಏನಿದೆ? 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಿರಣಿ ಕಾರ್ಮಿಕರಿಗೆಂದು ಮ್ಹಾಡಾ ಕೊಡುವ ಮನೆಗೆ ಅರ್ಜಿ ಹಾಕುವವರು, ಅವರು ತೀರಿಹೋಗಿದ್ದರೆ ಮಕ್ಕಳು, ಗಿರಣಿಯಲ್ಲಿ ದುಡಿದುದಕ್ಕೆ ದಾಖಲೆ ತೋರಿಸಬೇಕು. ಚಾಳಿನ ಖೋಲಿಯಲ್ಲಿ ಮಳೆಗೆ ನೆನೆದು ಹಾಳಾದ ಎಷ್ಟೋ ಪಾಸುಗಳ, ಹಾಜರಿ ಚೀಟಿಗಳ ಪ್ರತಿ ಈಗ ಉಳಿದಿರುವುದು ನಮ್ಮ ಆ ಯಂತ್ರದಲ್ಲಿ ಮಾತ್ರ. ಹೋಟೆಲಿನವರ ಪಾಡು ಇನ್ನೂ ಕಷ್ಟ. ನೇಮಕದ ಕಾಗದ ಕೊಡುವ ಮಾಲಕರು ಎಷ್ಟು ಮಂದಿ? ನಾಳೆ ಗ್ರಾಚ್ಯುಯಿಟಿ ಕೇಳಲು ಹೋದರೆ, ಇಂಥ ವರ್ಷ ಇಂಥ ಹೋಟೆಲಿನಲ್ಲಿದ್ದ ಎನ್ನಲು ನಮ್ಮ ವಂತಿಗೆಯ ಪಟ್ಟಿಯೂ ಒಂದು ಆಧಾರ. ಇದನ್ನು ಅಂಗಡಿಯವನ ಕೈಗೆ ಕೊಟ್ಟು ಬರುವುದೆಂದರೆ ಗಲ್ಲಾದ ಬೀಗದಕೈಯನ್ನು ಗಿರಾಕಿಗೆ ಕೊಟ್ಟಂತೆ.

ಹಾಗೆಂದು ನಾವೇನೂ ಪಂಡಿತರಲ್ಲ. ಮೋರಿಯಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವರು. ಮೊದಲ ದಿನವೇ ಮುಗ್ಗರಿಸಿದೆವು. ಪರದೆಯ ಮೇಲಿದ್ದ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ಎಳೆದು ಹೊಸ ಯಂತ್ರಕ್ಕೆ ಹಾಕಿದೆವು. ಒಂದೂ ತೆರೆಯಲಿಲ್ಲ. ಆ ಚಿತ್ರ ಹೋಟೆಲಿನ ಬೋರ್ಡಿದ್ದಂತೆ. ಅಡುಗೆಮನೆ ಒಳಗೆ ಬೇರೆಯೇ ಇದೆ. ಕಾಗದಪತ್ರದ ಫೈಲುಗಳನ್ನು ನಕಲು ಮಾಡಿ ಒಯ್ಯಬಹುದು. ಪ್ರೋಗ್ರಾಮು ಹಾಗಲ್ಲ. ಅದರ ಬೇರುಗಳು ಯಂತ್ರದ ಹತ್ತು ಕಡೆ ಹರಡಿರುತ್ತವೆ. ಹೊಸ ಯಂತ್ರದಲ್ಲಿ ಹೊಸದಾಗಿಯೇ ನೆಡಬೇಕು. ಲೆಕ್ಕದ ಟ್ಯಾಲಿಗೆ ಇನ್ನೊಂದು ಕಟ್ಟಳೆ: ಹಳೆಯದರಲ್ಲಿ ಪರವಾನಗಿಯನ್ನು ಬಿಟ್ಟುಕೊಟ್ಟು ಹೊಸದರಲ್ಲಿ ಪಡೆಯಬೇಕು, ಲೆಕ್ಕದ ಫೈಲುಗಳನ್ನು ಪ್ರತ್ಯೇಕವಾಗಿ ಒಯ್ಯಬೇಕು. ಹಳೆಯ ಯಂತ್ರವನ್ನು ಮೊದಲೇ ಮಾರಿದ್ದರೆ ಎಲ್ಲಿ ಹೋಗಿ ಬಿಟ್ಟುಕೊಡುವುದು?

ನಮ್ಮ ಎದೆ ನಡುಗಿದ್ದು ಸದಸ್ಯರ ಪಟ್ಟಿ ತೆರೆದಾಗ. ಕನ್ನಡವೇ ಇಲ್ಲ! ಇಂಗ್ಲಿಷಿನ ಮುರುಕು ಅಕ್ಷರಗಳು, ಚುಕ್ಕೆ, ಕೊಂಬು. ಎಲ್ಲವೂ ಅಳಿಸಿಹೋಯಿತೆಂದೇ ತಿಳಿದೆವು. ಸಂಗತಿ ಹಾಗಿರಲಿಲ್ಲ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪವನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಕಡೆ, ಆಟ ಮುಗಿದು ಚೌಕಿಯಲ್ಲಿ ಕಿರೀಟ ಕಳಚಿದ ಹಾಗೆ, ಒಳಗಿನ ಇಂಗ್ಲಿಷೇ ಕಾಣುತ್ತದೆ. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯುಂಟು, ಯಾವ ಹೊಸ ಯಂತ್ರದಲ್ಲಿಯೂ ಓದಬಹುದು. ಹಳೆಯದನ್ನು ಅದಕ್ಕೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಆದರೆ ಅವುಗಳನ್ನು ಕಣ್ಣುಮುಚ್ಚಿ ನಂಬಲಾಗದು. ಅರ್ಕಾವತ್ತು, ಒತ್ತಕ್ಷರಗಳು ತಪ್ಪಬಹುದು. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಸರಕಾರಿ ಕಚೇರಿಯ ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ತಳ್ಳಿದ್ದನ್ನು ನಾವು ಕಂಡವರು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಈ ಕೆಲಸವನ್ನು ಸದಸ್ಯರೇ ಮಾಡತಕ್ಕದ್ದು, ಅದೂ ಒಬ್ಬನಲ್ಲ, ಇಬ್ಬರು ಸೇರಿ. ಒಬ್ಬನಿಗೇ ತಿಳಿದಿದ್ದರೆ ಅವನು ಊರಿಗೆ ಹೋದ ದಿನ ಸಂಘ ಕುರುಡಾಗುತ್ತದೆ. ಒಬ್ಬರು ಕಾಗದದ ರಿಜಿಸ್ಟರಿನಿಂದ ಹೆಸರು ಕೂಗಬೇಕು, ಇನ್ನೊಬ್ಬರು ಪರದೆಯಲ್ಲಿ ನೋಡಬೇಕು. ಎಲ್ಲದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಜಾಗದಲ್ಲಿರಲಿ. ಮುಂದೆ ಬರೆಯುವುದೆಲ್ಲ ಯುನಿಕೋಡಿನಲ್ಲಿಯೇ. ಕಡೆಗೆ ಹಳೆಯದನ್ನು ಕೊಡುವಾಗ ಡಿಲೀಟ್ ಒತ್ತಿದರೆ ಸಾಲದು. ಹಾಗೆ ಅಳಿಸಿದ್ದನ್ನು ತಿಳಿದವನು ಮತ್ತೆ ಎತ್ತಬಲ್ಲ. ನಿಮ್ಮ ಆಧಾರ್, ಬ್ಯಾಂಕಿನ ಸಂಖ್ಯೆಗಳು ಅದರಲ್ಲಿವೆ. ಡಿಸ್ಕನ್ನು ಬಿಚ್ಚಿ ನಮ್ಮಲ್ಲೇ ಇಟ್ಟುಕೊಳ್ಳಬೇಕು.

ಪಟ್ಟಿ ಓದುವ ಕೆಲಸ ಪ್ರತಿ ಭಾನುವಾರ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ನಡೆಯುತ್ತಿದೆ. ಕನ್ನಡ ಓದಬಲ್ಲವರು ಬನ್ನಿ, ಕಂಪ್ಯೂಟರು ಗೊತ್ತಿರಬೇಕೆಂದಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿ ಹೋದ. ಹಳೆಯ ಯಂತ್ರ ಇನ್ನೂ ನಮ್ಮ ಬೆಂಚಿನ ಕೆಳಗೇ ಇದೆ.